ಕೊಡಗಿನಲ್ಲಿ ಶಾಲಾ ವಯಸ್ಸಿನ ಮಕ್ಕಳ ಬಡತನ ಅಳೆಯೋದು ಹೇಗೆ? ಬಿಪಿಎಲ್ ಕಾರ್ಡ್ ಲೆಕ್ಕ ಸಾಕಾ?

ಪ್ರಶ್ನೆ
ವಿರಾಜಪೇಟೆ, ಪೊನ್ನಂಪೇಟೆ ತಾಲ್ಲೂಕುಗಳಲ್ಲಿ 6ರಿಂದ 14 ವರ್ಷದ ಎಷ್ಟು ಮಕ್ಕಳು ಬಡತನದಲ್ಲಿದ್ದಾರೆ ಅನ್ನೋ ಅಂದಾಜು ಬೇಕು. ನೀತಿ ಆಯೋಗದ 2023ರ ವರದಿಯಲ್ಲಿ ಕರ್ನಾಟಕದ ಬಹು ಆಯಾಮದ ಬಡತನ (ಆರೋಗ್ಯ, ಶಿಕ್ಷಣ, ಜೀವನಮಟ್ಟದ ಕೊರತೆಗಳಿಂದ ಅಳೆಯೋದು) ಶೇ 7.58 ಎಂದಿದೆ. ಅದನ್ನೇ ತಾಲ್ಲೂಕಿನ ಮಕ್ಕಳ ಸಂಖ್ಯೆಗೆ ಗುಣಿಸಬಹುದಾ? ಅಥವಾ ಶಾಲೆಗಳಿಂದ ಬಿಪಿಎಲ್ ಕಾರ್ಡ್ ಇರುವ ಮಕ್ಕಳ ಪಟ್ಟಿ ತರಿಸಿದರೆ ಸಾಕಾ?

ಉತ್ತರ 1
ಎರಡೂ ಬೇಡ. 7.58 ಅನ್ನೋದು ಇಡೀ ಜನಸಂಖ್ಯೆಯ ಪಾಲು, ಅದೂ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯದ್ದು. ಬಡ ಮನೆಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಹೆಚ್ಚು. 100 ಮನೆಗಳಲ್ಲಿ 20 ಬಡ ಮನೆ, ಅಲ್ಲಿ ತಲಾ ಇಬ್ಬರು ಮಕ್ಕಳು, ಉಳಿದ 80ರಲ್ಲಿ ಒಬ್ಬೊಬ್ಬರು ಅಂದುಕೊಳ್ಳಿ. ಬಡ ಮನೆ ಶೇ 20, ಆದರೆ ಬಡ ಮಕ್ಕಳು 120ರಲ್ಲಿ 40, ಅಂದರೆ ಶೇ 33.

ಕಾರ್ಡ್‌ನ ತೊಂದರೆ ಬೇರೆ. ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಕಾಫಿ ತೋಟದ ಕೂಲಿಗೆ ಬಂದವರ ಕಾರ್ಡ್ ಊರಲ್ಲೇ ಇರುತ್ತೆ. ಅಸ್ಸಾಂನಿಂದ ಬಂದವರಿಗೆ ಕರ್ನಾಟಕದ ಕಾರ್ಡೇ ಇರಲ್ಲ. ಅಮೆರಿಕದಲ್ಲಿ ಉಚಿತ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆಯನ್ನು ಬಡತನದ ಅಳತೆಯಾಗಿ ಬಳಸುತ್ತಾರೆ. ಇಲ್ಲಿ ಅಕ್ಷರ ದಾಸೋಹ ಸರ್ಕಾರಿ, ಅನುದಾನಿತ ಶಾಲೆಯ ಎಲ್ಲ ಮಕ್ಕಳಿಗೂ ಇದೆ, ಹಾಗಾಗಿ ಅದರಿಂದಲೂ ಏನೂ ಗೊತ್ತಾಗಲ್ಲ.

ಉತ್ತರ 2
ಮನೆ ಮನೆ ಸಮೀಕ್ಷೆಯೇ ದಾರಿ. ನೀತಿ ಆಯೋಗದ 12 ಸೂಚಕಗಳನ್ನೇ ಬಳಸಿ, ಆದರೆ ಶಾಲಾ ಹಾಜರಾತಿಯ ಪ್ರಶ್ನೆ ಬದಲಿಸಿ. ಲೈನ್ ಮನೆಯ (ತೋಟದ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆ) ಲೆಕ್ಕ ನೋಡಿದರೆ ಕಾರಣ ಗೊತ್ತಾಗುತ್ತೆ.

ಕೊರತೆ ಇರೋ ಸೂಚಕಗಳ ಒಟ್ಟು ಅಂಕ 1/3 ಮುಟ್ಟಿದರೆ ಬಡ ಕುಟುಂಬ. ಜೀವನಮಟ್ಟದ ಏಳು ಸೂಚಕಗಳಿಗೆ ತಲಾ 1/21, ಶಾಲಾ ಹಾಜರಾತಿಗೆ ಒಂದಕ್ಕೇ 1/6. ಸೌದೆ ಒಲೆ, ನಾಲ್ಕು ಮನೆಗೆ ಒಂದೇ ಶೌಚಾಲಯ, ಮಣ್ಣಿನ ಗೋಡೆ, ಸ್ವತ್ತು ಏನೂ ಇಲ್ಲ: 4/21, ಅಂದರೆ 0.19. ಕರೆಂಟು, ನೀರು ತೋಟದವರು ಕೊಟ್ಟಿದ್ದಾರೆ, ಬ್ಯಾಂಕ್ ಖಾತೆಯೂ ಇದೆ, ಆರೋಗ್ಯ, ಶಿಕ್ಷಣದ ಸೂಚಕಗಳಲ್ಲಿ ಕೊರತೆ ಇಲ್ಲ ಅಂದುಕೊಳ್ಳಿ. ಹಾಗಾಗಿ ಈ ಮನೆ ಬಡವರ ಪಟ್ಟಿಗೆ ಬರಲ್ಲ. ಒಂದು ಮಗು ಶಾಲೆ ಬಿಟ್ಟಿದೆ ಅಂತ ದಾಖಲಾದರೆ ಅಂಕ 0.357 ಆಗಿ ಇಡೀ ಕುಟುಂಬ ಒಳಗೆ ಬರುತ್ತೆ.

ಈಗ ಕೇಳೋದು 'ಈ ಶೈಕ್ಷಣಿಕ ವರ್ಷದಲ್ಲಿ ಯಾವಾಗಲಾದರೂ ಶಾಲೆಗೆ ಹೋಗಿದ್ದಾಳಾ' ಅಂತ. ಜೂನ್‌ನಲ್ಲಿ ಸೇರಿ, ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಕಾಫಿ ಕೊಯ್ಲಿಗೆ ಹೋದ ಹುಡುಗಿಗೂ 'ಹೌದು' ಅಂತಲೇ ಬೀಳುತ್ತೆ. 'ಕಳೆದ 30 ದಿನದಲ್ಲಿ ಶಾಲೆ ನಡೆದ ಎಷ್ಟು ದಿನ ಹೋಗಿದ್ದಳು' ಅಂತ ಕೇಳಿ. ಎರಡೂ ಉತ್ತರ ಬರೆದಿಟ್ಟು ಎರಡು ಅಂದಾಜು ಕೊಡಿ. ರಾಜ್ಯದ ಸಂಖ್ಯೆ ಜೊತೆ ಹೋಲಿಸೋಕೆ ಹಳೆಯದು ಬೇಕೇ ಬೇಕು.

ಸೌದೆ ಬಗ್ಗೆ ಎಚ್ಚರ. ಇಲ್ಲಿ ಅನುಕೂಲಸ್ಥರ ಮನೆಯಲ್ಲೂ ಸ್ನಾನದ ಹಂಡೆಗೆ ಸೌದೆಯೇ. ಅಡುಗೆಗೆ ಮುಖ್ಯವಾಗಿ ಏನು ಬಳಸುತ್ತಾರೆ ಅಂತ ಬಿಡಿಸಿ ಕೇಳಿ.

ಉತ್ತರ 3
ಆದಾಯವನ್ನೂ ಕೇಳೋದಾದರೆ 'ತಿಂಗಳಿಗೆ ಎಷ್ಟು' ಅನ್ನಬೇಡಿ, ವಾರದ ಬಟವಾಡೆ ಕೇಳಿ. ಮುಂಗಡಕ್ಕೆ ಎಷ್ಟು ಹಿಡಿದುಕೊಂಡರು ಅನ್ನೋದನ್ನು ಬೇರೆ ಬರೆಯಿರಿ. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿಗೆ ಗಂಡ, ಹೆಂಡತಿ ಇಬ್ಬರ ಕಾಫಿಯೂ ಒಂದೇ ಹೆಸರಲ್ಲಿ ತೂಗೋದುಂಟು. ಒಬ್ಬರದ್ದೇ ದುಡಿಮೆ ಅಂದುಕೊಂಡರೆ ಲೆಕ್ಕ ಹಾಳು.

ಶಾಲೆಯ ದಾಖಲಾತಿಯಿಂದ ಮಾದರಿ ಆರಿಸಿದರೆ ಶಾಲೆಯ ಹೊರಗಿರೋ ಮಗು ಸಿಗೋದೇ ಇಲ್ಲ. ಅಂಗನವಾಡಿ ಸಮೀಕ್ಷೆ ಪುಸ್ತಕ, ಯರವ ಮತ್ತು ಜೇನು ಕುರುಬರ ಹಾಡಿಗಳ (ಬುಡಕಟ್ಟು ವಸತಿಗಳ) ಪಟ್ಟಿ, ತೋಟದ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಮೂರನ್ನೂ ಸೇರಿಸಿ ಪಟ್ಟಿ ಮಾಡಿ. ಎರಡು ಸುತ್ತು ಬೇಕು: ಆಗಸ್ಟ್‌ನಲ್ಲೊಂದು, ರೋಬಸ್ಟಾ ಕೊಯ್ಲಿನ ಜನವರಿ ಕೊನೆಗೊಂದು. ಮಳೆ ರಜೆಯ ದಿನಗಳನ್ನು ಗೈರುಹಾಜರಿಗೆ ಸೇರಿಸಬೇಡಿ.

ತಾಲ್ಲೂಕಿಗೆ 400 ಮಕ್ಕಳು ಅಂತಿಟ್ಟುಕೊಳ್ಳಿ. ಒಂದೇ ಲೈನಿನ ಮನೆಗಳೆಲ್ಲ ಒಂದೇ ಥರ ಇರೋದರಿಂದ ವ್ಯತ್ಯಯ (ಅಂದಾಜು ಎಷ್ಟು ಏರುಪೇರಾಗಬಹುದು ಅನ್ನೋ ಅಳತೆ, variance) ದುಪ್ಪಟ್ಟು ಅಂತ ಹಿಡಿಯಬೇಕು. ಆಗ ಶೇ 20 ಬಂದರೆ ನಿಜ ಸುಮಾರು 14.5ರಿಂದ 25.5ರೊಳಗೆ. ಒಂದು ತಾಲ್ಲೂಕಿನಲ್ಲಿ 20, ಇನ್ನೊಂದರಲ್ಲಿ 24 ಬಂತೆಂದು ವ್ಯತ್ಯಾಸ ಘೋಷಿಸೋಕಾಗಲ್ಲ.

ಪ್ರಶ್ನೆ ಕೇಳಿದವರು
ಆಶ್ರಮ ಶಾಲೆಯಲ್ಲೇ ಉಳಿಯೋ ಮಕ್ಕಳನ್ನು ಎಲ್ಲಿ ಸೇರಿಸಲಿ? ಮನೆಯವರು ಅವರ ಹೆಸರು ಹೇಳೋದೇ ಇಲ್ಲ.

ಉತ್ತರ 3
'ಇಲ್ಲಿ ಯಾರ‍್ಯಾರು ಇದ್ದೀರಿ' ಅಂತ ಕೇಳಿದರೆ ಹೇಳಲ್ಲ. 'ಹಾಸ್ಟೆಲ್‌ನಲ್ಲಿ, ನೆಂಟರ ಮನೆಯಲ್ಲಿ ಓದ್ತಿರೋ ಮಕ್ಕಳಿದ್ದಾರಾ' ಅಂತ ಪ್ರತ್ಯೇಕ ಪ್ರಶ್ನೆ ಹಾಕಿ. ತಂದೆತಾಯಿಯ ಮನೆಯ ಅಂಕವನ್ನೇ ಆ ಮಗುವಿಗೂ ಕೊಡಿ, ಹಾಸ್ಟೆಲ್‌ನಲ್ಲಿ ಮತ್ತೆ ಎಣಿಸಬೇಡಿ. ಹಾಡಿಗಳಲ್ಲಿ ಇವರನ್ನು ಬಿಟ್ಟರೆ ಬಡ ಮಕ್ಕಳೇ ಲೆಕ್ಕದಿಂದ ಜಾರಿಹೋಗುತ್ತಾರೆ.