ಸಹಾಯ ಬೇಕ್ರಿ: ತಮ್ಮನ ಡೆಲಿವರಿ ಐಡಿ ಬಂದ್ ಆಗೇತಿ

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ತಮ್ಮ ಬೆಳಗಾವ್ಯಾಗ ಒಂದು ಆ್ಯಪ್‌ಗೆ ಡೆಲಿವರಿ ಕೆಲಸ ಮಾಡ್ತಾನ, ಟಿಳಕವಾಡಿ, ಶಹಾಪುರ ಕಡೆ. ಹೋದ ಸೋಮವಾರ ಇಂವನ ಹೌದೋ ಅಲ್ಲೋ ಅಂತ ನೋಡಾಕ ಆ್ಯಪ್ ಸೆಲ್ಫಿ ಕೇಳೇತಿ, ಮಳ್ಯಾಗ ತೊಯ್ಸಿಕೊಂಡು ನಿಂತು ತಗದಾನ. ಮುಖ ಹೊಂದಲಿಲ್ಲ ಅಂತ ಕೂಡ್ಲೇ ಐಡಿ, ಅಂದ್ರ ಆ್ಯಪ್‌ನ್ಯಾಗಿನ ಅವನ ಖಾತೆ, ಬಂದ್! ಎಷ್ಟ ಸಲ ಬರದ್ರೂ ಮಷೀನಿಂದ ಅದ ಉತ್ತರ, "ನಿರ್ಧಾರ ಅಂತಿಮ". ಒಬ್ಬ ಮನುಷ್ಯಾ ಅವನ ಮುಖ ನೋಡಿದ್ರ ಎರಡ ನಿಮಿಷದ ಕೆಲಸ ಇದು, ಆದ್ರ ಯಾರೂ ಮಾತಾಡವಲ್ರು. ಗಾಡಿ ಕಂತು, ಅವ್ವನ ಔಷಧ ಎಲ್ಲಾ ಅವನ ದುಡಿಮಿ ಮ್ಯಾಲ ಐತ್ರಿ.

2025ರ ಕರ್ನಾಟಕ ಗಿಗ್ ಕಾರ್ಮಿಕರ (ಹಿಂಗ ಆ್ಯಪ್ ಮ್ಯಾಲ ದುಡಿಯೋರ) ಕಾಯ್ದೆ ಪ್ರಕಾರ ಕೆಲಸದಿಂದ ತಗೀಬೇಕಂದ್ರ ಬರವಣಿಗ್ಯಾಗ ಕಾರಣ ಕೊಡಬೇಕು, 14 ದಿನ ಮೊದಲ ನೋಟಿಸ್ ಕೊಡಬೇಕು. ಕೆಲಸದ ಮ್ಯಾಲೆ ಪರಿಣಾಮ ಮಾಡೋ ಕಂಪ್ಯೂಟರ್ ನಿರ್ಧಾರದ ಬಗ್ಗೆ ಕೇಳಿ ತಿಳ್ಕೊಳ್ಳೋ ಹಕ್ಕೂ ಐತಿ. ತಮ್ಮಗ ಒಂದು ಚೀಟಿನೂ ಬಂದಿಲ್ಲ.

ಈ ಕಾಯ್ದೆ ಕೆಳಗ ಬೆಳಗಾವ್ಯಾಗ ಯಾರರೆ ದೂರು ಕೊಟ್ಟೀರೇನ್ರಿ? ಕಾರ್ಮಿಕ ಇಲಾಖ್ಯಾಗ ಯಾರನ್ನ ಕಾಣಬೇಕು? ಅರ್ಜಿ ಬರದು ಕೊಡೋ ವಕೀಲರಿದ್ರ ದಯವಿಟ್ಟು ತಿಳಸ್ರಿ. ಸ್ಕ್ರೀನ್‌ಶಾಟ್, ಹಿಂದಿನ ಆರು ತಿಂಗಳ ಗಳಿಕಿ ಲೆಕ್ಕ ಎಲ್ಲಾ ತಗದು ಇಟ್ಟೀವಿ. ಇದ ರೀತಿ ಐಡಿ ಹೋದವ್ರು ಇದ್ರ ನೀವೂ ಮೆಸೇಜ್ ಮಾಡ್ರಿ, ಕೂಡಿ ಹೋಗೂಣು.