ಮಕ್ಕಳ ದೊಡ್ಡ ಕಲ್ಲಂಗಡಿ ಸ್ಪರ್ಧೆ: ಯಾವ ತಳಿ, ಯಾವ ನಿಯಮ?

ಯಲಹಂಕ ಕೈತೋಟ:
ನಮ್ಮ ಬಡಾವಣೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ದೊಡ್ಡ ಕಲ್ಲಂಗಡಿ ಬೆಳೆಸುವ ಸ್ಪರ್ಧೆ ಇಡುತ್ತಿದ್ದೇವೆ. ಖಾಲಿ ಸೈಟಿನಲ್ಲಿ ತಲಾ 10x10 ಅಡಿ ಜಾಗ, ಕೆಂಪು ಮಣ್ಣು, ಬೋರ್‌ವೆಲ್ ನೀರು. ಏಪ್ರಿಲ್ ಕೊನೆಗೆ ತೂಕ. ಅಮೆರಿಕದ ಕೆರೊಲಿನಾ ಕ್ರಾಸ್ ಬೀಜ ತರಿಸೋಣವೇ? ಗಿಡಕ್ಕೆ ಎಷ್ಟು ಕಾಯಿ ಬಿಡಬೇಕು?

ಕೆಂಪುಮಣ್ಣು:
ಕೆರೊಲಿನಾ ಕ್ರಾಸ್ ಬೇಡ ಸರ್. ದೈತ್ಯ ಹಣ್ಣಿಗೆ ಅದೇ ಹೆಸರಾದ ತಳಿ, ನಿಜ. ಟೆನ್ನೆಸ್ಸಿಯಲ್ಲಿ 2013ರಲ್ಲಿ 159 ಕೆಜಿ ಹಣ್ಣನ್ನೂ ತೂಗಿದ್ದಾರೆ. ಆದರೆ ಅಂಥ ಬಳ್ಳಿಗೆ ನಿಮ್ಮ ಜಾಗದ ಎಷ್ಟೋ ಪಟ್ಟು ಬೇಕು. ಹೊರದೇಶದ ಬೀಜಕ್ಕೆ ಆಮದು ಪರವಾನಗಿಯೂ ಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮಾಣಿಕ್ ಹಾಕಿ. ಸಾಮಾನ್ಯ ಹಣ್ಣು 6 ಕೆಜಿ ಸುಮಾರು. ಬೂದಿ ರೋಗವನ್ನೂ ಚೆನ್ನಾಗಿ ತಡೆಯುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಪ್ಯಾಕೆಟ್‌ನ ಬೀಜ ಹಂಚಿ, ಆಗಲೇ ಗೆಲುವು ಆರೈಕೆಗೆ ಸಲ್ಲುತ್ತದೆ. ಅಂಗಡಿ ಹಣ್ಣಿನ ಬೀಜ ಬೇಡವೇ ಬೇಡ. ಅದು ಹೆಚ್ಚಾಗಿ ಹೈಬ್ರಿಡ್, ತಾಯಿಯಂತೆ ಬರುವುದಿಲ್ಲ.

ತೂಕದ ದಿನವನ್ನು ಏಪ್ರಿಲ್ ಮಧ್ಯಕ್ಕೆ ತನ್ನಿ. ಬೇಸಿಗೆ ಮಳೆ ಜೋರಾದರೆ ಬಲಿತ ಕಾಯಿ ಬಿರಿಯುತ್ತದೆ. ಜನವರಿ ಮೊದಲ ವಾರ ಟ್ರೇಯಲ್ಲಿ ಬಿತ್ತಿ, ರಾತ್ರಿ ಒಳಗಿಡಿ; ಚಳಿಗೆ ಮೊಳಕೆ ತಡವಾಗುತ್ತದೆ. ಮೊಳಕೆಯ ಜೋಡಿ ಎಲೆ ಬಿಟ್ಟು ಎರಡು ನಿಜವಾದ ಎಲೆ ಬಂದಾಗ ಬೇರಿನ ಮಣ್ಣು ಒಡೆಯದಂತೆ ನೆಡಿ. ಗುಂಡಿ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕೆಜಿ, ಬೇವಿನ ಹಿಂಡಿ ಕಾಲು ಕೆಜಿ.

ಬಳ್ಳಿಬೇಲಿ:
ಕಾಯಿ ಒಂದೇ. ಆದರೆ ಬುಡದ ಹತ್ತಿರ ಮೊದಲು ಬರುವ ಹೆಣ್ಣು ಹೂಗಳನ್ನು ಚಿವುಟಿ. ಎಲೆ ಕಡಿಮೆ ಇರುವಾಗ ಕಾಯಿ ನಿಂತರೆ ಬಳ್ಳಿ ಅಲ್ಲಿಗೇ ಸೊರಗುತ್ತದೆ. ಮುಖ್ಯ ಬಳ್ಳಿ 7–8 ಅಡಿ ದಾಟಿದ ಮೇಲೆ ಬೆಳಿಗ್ಗೆ 9ರ ಒಳಗೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಾಕಿಸಿ. ಎರಡು ಮೂರು ಕಾಯಿ ಕಟ್ಟಿದರೆ ವಾರ ಕಳೆದು ಡೊಂಕಿಲ್ಲದ ಒಂದನ್ನು ಉಳಿಸಿ. ಪಕ್ಕದ ಬಳ್ಳಿಗಳನ್ನು ಕತ್ತರಿಸಬೇಡಿ, ಕಾಯಿಗೆ ಊಟ ಆ ಎಲೆಗಳಿಂದಲೇ.

ಹೂ ಬರುವವರೆಗೆ ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರಿಗೆ 5 ಗ್ರಾಂ, ಬುಡಕ್ಕೆ. ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್ ಹೆಚ್ಚಿರುವ 13:0:45. ಆಗ ಯೂರಿಯಾ ಸುರಿದರೆ ಬರೀ ಸೊಪ್ಪು ಬೆಳೆಯುತ್ತದೆ. ನೀರು ದಿನವೂ ಬೆಳಿಗ್ಗೆ, ಒಂದೇ ಅಳತೆ. ಎರಡು ದಿನ ಒಣಗಿಸಿ ಮೂರನೇ ದಿನ ಹೊಳೆ ಹರಿಸಿದರೆ ಸಿಪ್ಪೆ ಸೀಳುತ್ತದೆ.

ಹಣ್ಣು ನೊಣದ ಬಲೆಗೆ ಕ್ಯೂ-ಲ್ಯೂರ್ ಎಂಬ ವಾಸನೆಯ ಆಮಿಷ ಕೇಳಿ ತನ್ನಿ. ಮಾವಿಗೆ ಹಾಕುವ ಮಿಥೈಲ್ ಯೂಜಿನಾಲ್‌ಗೆ ಬಳ್ಳಿಕಾಯಿಯ ನೊಣ ಬೀಳುವುದಿಲ್ಲ. ತುದಿ ಒಣಗಿ ನೆಟ್ಟಗೆ ನಿಂತ ಬಳ್ಳಿ ಕಂಡರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟ ಹರಡುವ ನಂಜು ರೋಗ. ಔಷಧವಿಲ್ಲ, ಆ ಗಿಡ ಕಿತ್ತು ದೂರ ಹಾಕಿ. ಅದಕ್ಕೇ ಮಗುವಿಗೊಂದು ಮೀಸಲು ಸಸಿ ಇರಲಿ.

ಯಲಹಂಕ ಕೈತೋಟ:
ತುಂಬಾ ಉಪಕಾರ. ತೂಕದ ನಿಯಮ ಹೇಗಿರಬೇಕು?

ಕೆಂಪುಮಣ್ಣು:
ಅದೇ ದಿನ ಬೆಳಿಗ್ಗೆ ಕೊಯ್ಯಿಸಿ, ತೊಟ್ಟು ಎರಡೇ ಇಂಚು. ಮೊದಲೇ ಕೊಯ್ದಿಟ್ಟರೆ ತೂಕ ಇಳಿಯುತ್ತದೆ. ರಸ ಸೋರುವ ಬಿರುಕು, ತೂತು ಇದ್ದರೆ ಸ್ಪರ್ಧೆಯಿಂದ ಹೊರಗೆ. ಕಾಯಿಯ ಅಡಿಗೆ ಎರಡು ಇಂಚು ಮರಳು ಹಾಸಿಸಿ, ಇಲ್ಲದಿದ್ದರೆ ತೇವಕ್ಕೆ ತಳ ಕೊಳೆಯುತ್ತದೆ. ತಕ್ಕಡಿಯನ್ನು ಮಕ್ಕಳೆದುರೇ ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿ.