ಯಾರೂ ಕಟ್ಟಿಕೊಳ್ಳದ ನೆತ್ಸುಕೆ ನೆತ್ಸುಕೆನಾ?

ಗಾಜಿನಕಪಾಟು: ಜಪಾನಿನಲ್ಲಿ ಈಗ ಕೆತ್ತುತ್ತಿರುವ ಒಬ್ಬರ ಕೈಯ ನೆತ್ಸುಕೆ ಕೊಂಡೆ. ನೆಲಗಪ್ಪೆ, ತ್ಸುಗೆ ಮರ, ನಾಲ್ಕು ಸೆಂಟಿಮೀಟರ್ ಉದ್ದ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಿಮೋನೋಗೆ ನಮ್ಮ ಅಂಗಿಯ ಹಾಗೆ ಜೇಬಿಲ್ಲ, ಅದಕ್ಕೆ ಎದೋ ಕಾಲದಲ್ಲಿ (1603-1868) ತಂಬಾಕಿನ ಚೀಲ, ಔಷಧಿಯ ಇನ್ರೊ ಡಬ್ಬಿ ಎಲ್ಲ ದಾರಕ್ಕೆ ಕಟ್ಟಿ ಸೊಂಟದ ಪಟ್ಟಿಯಿಂದ ನೇತುಹಾಕುತ್ತಿದ್ದರು, ದಾರ ಜಾರಿ ಬೀಳದಂತೆ ಅದರ ಮೇಲಿನ ತುದಿಗೆ ಈ ಪುಟ್ಟ ಕೆತ್ತನೆ. ನನ್ನ ಗೆಳೆಯನ ಮಾತು, "ಯಾರೂ ಕಟ್ಟಿಕೊಳ್ಳಲ್ಲ ಅಂದಮೇಲೆ ಅದು ಶೋಕೇಸ್ ಬೊಂಬೆ." ನೀವೇನಂತೀರಿ?

ಹಳೇನಾಣ್ಯ: ಗೆಳೆಯ ಸರಿಯಾಗೇ ಹೇಳಿದ್ದಾನೆ. ಎದೋ ಮುಗಿದ ಮೇಲೆ ಮೇಜಿ ಕಾಲದಲ್ಲಿ ಪ್ಯಾಂಟು, ಕೋಟು ಬಂತು, ಜೇಬು ಬಂತು, ಅಲ್ಲಿಗೆ ಕೆಲಸ ಮುಗಿಯಿತು. ಆಮೇಲಿನದ್ದೆಲ್ಲ ವಿದೇಶಿಯರಿಗೆ ಮಾರಲು ಮಾಡಿದ್ದು. ಸೊಂಟದಲ್ಲಿ ಉಜ್ಜಿ ಉಜ್ಜಿ ಸವೆದ ಹಳೇ ಮಾಲಿಗೇ ಬೆಲೆ.

ಒಸಾಕಾರಾಯ: ವಿದೇಶಿಯರು ಕೊಂಡರು ಅಂದ್ರೆ ಕೀಳಾಗಿಬಿಡುತ್ತಾ ಸಾರ್? ಹಳೆಯದನ್ನೇ ನಕಲು ಮಾಡಬೇಡಿ, ನಿಮ್ಮದೇ ಕೆತ್ತಿ ಅಂತ 1970ರ ದಶಕದಲ್ಲಿ ಕೆತ್ತುವವರ ಬೆನ್ನು ತಟ್ಟಿದವರಲ್ಲಿ ಅಮೆರಿಕದ ಸಂಗ್ರಾಹಕರಾದ ಕಿನ್ಸಿ ದಂಪತಿ ಮುಖ್ಯರು. ಜಪಾನಿನವರೇ ಆದ ರಾಜಮನೆತನದ ತಕಮಾದೊ, 2002ರಲ್ಲಿ ತೀರಿಕೊಂಡರು, ಅವರೂ ಹೊಸ ನೆತ್ಸುಕೆ ಕೂಡಿಟ್ಟವರೇ. ಕ್ಯೋಟೋದಲ್ಲಿ 2007ರಿಂದ ಸೇಶು ನೆತ್ಸುಕೆ ಮ್ಯೂಸಿಯಂ ಇದೆ, ಹಳೇ ಸಮುರಾಯ್ ಮನೆಯಲ್ಲಿ, ಅಲ್ಲಿ ಇಟ್ಟಿರುವುದು ಹೆಚ್ಚಾಗಿ ಈಗಿನವರ ಕೆಲಸವೇ.

ಗಾಜಿನಕಪಾಟು: ಕಪ್ಪೆಯ ಮೈಮೇಲೆ ನರಹುಲಿ ಥರ ಸಣ್ಣ ಸಣ್ಣ ಗುಳ್ಳೆ ಇವೆ. ಉಳಿ ಆಡಿದ ಗುರುತೇ ಕಾಣಲ್ಲ. ಹೇಗೆ ಮಾಡ್ತಾರೆ?

ಒಸಾಕಾರಾಯ: ಅದು ಉಕಿಬೊರಿ ಇರಬೇಕು. ಗುಳ್ಳೆ ಬೇಕಾದ ಕಡೆ ಮೊಂಡು ಮೊನೆಯಿಂದ ಮರವನ್ನು ಒತ್ತಿ ಕುಳಿ ಮಾಡುತ್ತಾರೆ. ಸುತ್ತಲಿನ ಮರವನ್ನು ಆ ಕುಳಿಯ ಮಟ್ಟಕ್ಕೆ ಹೆರೆಯುತ್ತಾರೆ. ಆಮೇಲೆ ನೀರು ತಾಗಿಸಿದರೆ ಒತ್ತಿದ ಜಾಗ ಉಬ್ಬಿ ಮೇಲೇಳುತ್ತದೆ.

ಸಾಗರದಕೆತ್ತನೆ: ಅಬ್ಬಾ! ನಮ್ಮದು ಗಂಧದ ಕೆಲಸದ ಮನೆ. ನಮ್ಮಲ್ಲಿ ಉಬ್ಬು ಬೇಕಾದರೆ ಸುತ್ತ ಕೆತ್ತಿ ತೆಗೆಯುತ್ತೇವೆ, ಅಷ್ಟೇ. ಮರದ ಕೈಯಲ್ಲೇ ಗುಳ್ಳೆ ಎಬ್ಬಿಸುವುದು ಈಗಲೇ ಕೇಳಿದ್ದು. ನಾಳೆ ಒಂದು ಚೂರಿನ ಮೇಲೆ ನೋಡುತ್ತೇನೆ.

ಮಂಡಿಪೇಟೆ: ಇಷ್ಟು ದುಡ್ಡು ಹಾಕೋದಾದ್ರೆ ದಂತದ್ದೇ ತಗೋಬಹುದಿತ್ತಲ್ವಾ?

ಸಾಗರದಕೆತ್ತನೆ: ದಯವಿಟ್ಟು ಬೇಡ. ದಂತದ ವ್ಯಾಪಾರಕ್ಕೆ 1989ರಲ್ಲೇ ದೇಶದೇಶಗಳ ಒಪ್ಪಂದದಲ್ಲಿ ನಿಷೇಧ ಬಂತು. ನಮ್ಮಲ್ಲಿ ಆಫ್ರಿಕಾದಿಂದ ತಂದ ದಂತದ ವ್ಯಾಪಾರವನ್ನೂ ವನ್ಯಜೀವಿ ಕಾಯ್ದೆಯ 1991ರ ತಿದ್ದುಪಡಿ ನಿಲ್ಲಿಸಿತು. ತರಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಳೇನಾಣ್ಯ: ವಿಷಯಕ್ಕೆ ಬನ್ನಿ. ಪುಟ್ಟ ಶಿಲ್ಪಕ್ಕೂ ಇದಕ್ಕೂ ಏನು ವ್ಯತ್ಯಾಸ, ಅದನ್ನು ಹೇಳಿ.

ಒಸಾಕಾರಾಯ: ತೂತು ಸಾರ್, ತೂತು. ದಾರ ಹೋಗುವ ಎರಡು ತೂತು, ಹಿಮೊತೊಶಿ. ಎಷ್ಟೋ ಕೆಲಸದಲ್ಲಿ ಒಂದು ದೊಡ್ಡದಿರುತ್ತೆ, ಗಂಟು ಒಳಗೆ ಅಡಗಲಿ ಅಂತ. ಕೆಲವರು ತೂತೇ ಕೊರೆಯಲ್ಲ, ಕಾಲಿಗೂ ಹೊಟ್ಟೆಗೂ ನಡುವಿನ ಸಂದಿನಲ್ಲೇ ದಾರ ಹೋಗುವ ಹಾಗೆ ಪ್ರಾಣಿಯನ್ನು ಕೂರಿಸುತ್ತಾರೆ. ಬಟ್ಟೆಗೆ ಸಿಕ್ಕಿಕೊಳ್ಳುವ ಕೊಂಬು, ಬಾಲ, ಬೆರಳು ಯಾವುದೂ ಹೊರಗೆ ಚಾಚಬಾರದು. ಹೊಟ್ಟೆಯ ಕೆಳಗೂ ಕೆತ್ತಿರಬೇಕು. ಶೋಕೇಸ್ ಶಿಲ್ಪಿಗೆ ಈ ಕಟ್ಟುಪಾಡು ಇಲ್ಲ, ಬೆನ್ನ ಹಿಂದೆ ಏನೂ ಮಾಡದೆ ಬಿಟ್ಟರೂ ನಡೆಯುತ್ತೆ. ಕಟ್ಟಿಕೊಳ್ಳುವವರು ಇಲ್ಲದಿದ್ದರೂ ಕಟ್ಟಿಕೊಳ್ಳುವ ಹಾಗೇ ಮಾಡಬೇಕು, ನನ್ನ ಪ್ರಕಾರ ಅಲ್ಲೇ ಇರುವುದು ಇದರ ಗಟ್ಟಿತನ.

ಗಾಜಿನಕಪಾಟು: ನೋಡಿದೆ. ತೂತು ಹೊಟ್ಟೆಯಲ್ಲಿದೆ, ಒಂದು ದೊಡ್ಡದು. ದಾರ ಹಾಕಿ ಹಿಡಿದರೆ ಕಪ್ಪೆ ಮುಖ ಹೊರಗೆ ಮಾಡಿ ನೇರವಾಗಿ ನಿಲ್ಲುತ್ತೆ, ಪಕ್ಕಕ್ಕೆ ವಾಲಲ್ಲ. ಹಿಂಗಾಲಿನ ಬೆರಳು ಐದೂ ಹೊಟ್ಟೆಗೆ ಒತ್ತಿಕೊಂಡಿವೆ.

ಹಳೇನಾಣ್ಯ: ಸರಿ, ನೆತ್ಸುಕೆ ಅಂತ ಒಪ್ಪಿಕೊಂಡೆ. ಬೆಲೆ ಮಾತ್ರ ಒಪ್ಪಲ್ಲ. ಹತ್ತು ವರ್ಷದ ಮೇಲೆ ಮಾರಲು ಹೋಗಿ, ಆಗ ಮಾತಾಡೋಣ.

ಒಸಾಕಾರಾಯ: ಮಾರುವ ಯೋಚನೆ ಇದ್ದರೆ ಅದರ ಜೊತೆ ಬಂದ ಮರದ ಪೆಟ್ಟಿಗೆ ಎಸೆಯಬೇಡಿ. ಕೆತ್ತಿದವರ ಸಹಿ ಅದರ ಮುಚ್ಚಳದ ಮೇಲೂ ಇದ್ದರೆ ಅದೂ ಬೆಲೆಯ ಭಾಗವೇ.

ಗಾಜಿನಕಪಾಟು: ಪೆಟ್ಟಿಗೆಯಲ್ಲಿ ಮಗಳು ಆಗಲೇ ಬಳಪ ತುಂಬಿಟ್ಟಿದ್ದಾಳೆ. ಈಗಲೇ ಹೋಗಿ ಇಸ್ಕೊಂಡು ಬರ್ತೀನಿ ಇರಿ.